ಠಾಣೆ ಖಾಡಿಯ ಸಸ್ಯಪ್ಲವಕ: ಋತುಚಕ್ರದ ಇತಿಹಾಸ

ಠಾಣೆ ನಗರದಿಂದ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ಚಾಚಿ ಮುಂಬಯಿ ಬಂದರನ್ನು ಸೇರುವ ಉಪ್ಪುನೀರಿನ ಹರವು ಠಾಣೆ ಖಾಡಿ. ಅದರ ಪೂರ್ವ ದಂಡೆಯಲ್ಲಿ ನವಿ ಮುಂಬಯಿ ಇದೆ. ಕಲ್ಯಾಣ, ಡೊಂಬಿವಲಿಗಳ ಮಗ್ಗುಲಲ್ಲಿ ಹರಿದುಬರುವ ಉಲ್ಲಾಸ್ ನದಿಯ ಮುಖ್ಯ ಪ್ರವಾಹ ವಸಯಿಯತ್ತ ಹೋಗುತ್ತದೆ. ಇಕ್ಕಟ್ಟಾದ ಕವಲೊಂದು ಮಾತ್ರ ಠಾಣೆಯ ಬಳಿ ಖಾಡಿಯನ್ನು ಕೂಡುತ್ತದೆ. ಹಾಗಾಗಿ ಇಲ್ಲಿಗೆ ಹೇರಳವಾಗಿ ಸಿಹಿನೀರು ಸಿಗುವುದು ಮಳೆಗಾಲದಲ್ಲಷ್ಟೇ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳ ವರ್ಷದ ಲೆಕ್ಕಾಚಾರವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಸಸ್ಯಪ್ಲವಕದ ಋತುಚಕ್ರದ ಅರಿವು ಬೆಳೆದದ್ದು ಹೆಚ್ಚಾಗಿ ತಣ್ಣನೆಯ ಕಡಲುಗಳಲ್ಲಿ. 1839–43ರ ಅಂಟಾರ್ಕ್ಟಿಕ್ ಯಾನದಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್, ಮಂಜುಗಡ್ಡೆಗೆ ಕಂದುಬಣ್ಣ ಕೊಡುವುದು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳೆಂದು ಗುರುತಿಸಿದರು. ಧ್ರುವ ಪ್ರದೇಶದ ಚಳಿಗಾಲದ ಕತ್ತಲಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ವಸಂತದಲ್ಲಿ ಹಿಮ ಕರಗಿದಾಗ ಹಗುರಾದ ಸಿಹಿನೀರು ಮೇಲ್ಪದರವಾಗಿ ನಿಲ್ಲುತ್ತದೆ, ಸಸ್ಯಕೋಶಗಳು ಆಳಕ್ಕೆ ಜಾರದೆ ಬೆಳಕಿನಲ್ಲೇ ಉಳಿಯುತ್ತವೆ, ಕೆಲವೇ ವಾರಗಳಲ್ಲಿ ಕಡಲು ಹಸಿರಾಗುತ್ತದೆ. ನೀರು ಎಷ್ಟು ಆಳದವರೆಗೆ ಕಲಕಿದರೆ ಈ ಬೆಳವಣಿಗೆ ಸಾಧ್ಯ ಎಂಬುದನ್ನು 1953ರಲ್ಲಿ ಸಾಗರವಿಜ್ಞಾನಿ ಹರಾಲ್ಡ್ ಸ್ವೆರ್ಡ್ರುಪ್ ಗಣಿತದಲ್ಲಿ ಹಿಡಿದಿಟ್ಟರು.

ಠಾಣೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಇಲ್ಲಿನ ಕೊರತೆಯೂ ಬೆಳಕಿನದೇ. ಉಬ್ಬರ ಇಳಿತಗಳು ದಿನಕ್ಕೆರಡು ಬಾರಿ ತಳದ ಕೆಸರನ್ನು ಎಬ್ಬಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಮಳೆ ಕೊಚ್ಚಿತಂದ ಮಣ್ಣೂ ಸೇರಿ ಬಿಸಿಲು ನೀರಿನೊಳಕ್ಕೆ ಇಳಿಯುವುದೇ ಇಲ್ಲ. ಲವಣಾಂಶ ಕುಸಿಯುತ್ತದೆ, ಕೋಶಗಳು ಕಡಲಿಗೆ ಕೊಚ್ಚಿಹೋಗುತ್ತವೆ. ಹಾಗೆಂದು ಮಳೆಗಾಲವನ್ನು ಬರಿದೇ ಹಾನಿಯ ಕಾಲವೆನ್ನಲಾಗದು. ಡಯಾಟಮ್‌ನ ಗಾಜಿನಂಥ ಚಿಪ್ಪಿಗೆ ಸಿಲಿಕ ಬೇಕು. ಕಲ್ಲು ಸವೆದು ಬರುವ ಆ ಸಿಲಿಕವನ್ನು ಮಳೆನೀರೇ ತರುತ್ತದೆ. ಇದು ಎಷ್ಟು ದೊಡ್ಡ ಭಾಗ್ಯ ಎಂಬುದು 2009ರಲ್ಲಿ ದಕ್ಷಿಣ ಸಾಗರದಲ್ಲಿ ಕಂಡಿತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಕೂಡಿ ನಡೆಸಿದ ಲೋಹಾಫೆಕ್ಸ್ ಪ್ರಯೋಗದಲ್ಲಿ ಸಸ್ಯಪ್ಲವಕವನ್ನು ಬೆಳೆಸಲೆಂದು ಸುಮಾರು 300 ಚದರ ಕಿ.ಮೀ. ಕಡಲಿಗೆ ಕಬ್ಬಿಣದ ಲವಣ ಬೆರೆಸಿದರು. ಅಲ್ಲಿನ ನೀರಿನಲ್ಲಿ ಸಿಲಿಕ ತೀರ ಕಡಿಮೆಯಿದ್ದುದರಿಂದ ಡಯಾಟಮ್‌ಗಳು ಹೆಚ್ಚಲೇ ಇಲ್ಲ.

ಮಳೆ ನಿಂತು ಕೆಸರು ತುಸು ತಗ್ಗಿದ ಮೇಲೆ ಖಾಡಿ ಚೇತರಿಸಿಕೊಳ್ಳುತ್ತದೆ. ಸ್ಕೆಲೆಟೊನೆಮ, ಕಾಸಿನೋಡಿಸ್ಕಸ್, ನಿಟ್ಝ್‌ಶಿಯ ಮುಂತಾದ ಡಯಾಟಮ್‌ಗಳು ಇಲ್ಲಿ ಸಾಮಾನ್ಯ. ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲಿನ ಮೇಲೂ ಸೂಕ್ಷ್ಮ ಪಾಚಿಯ ಪದರ ಹಬ್ಬುತ್ತದೆ.

ಈ ಚಕ್ರದ ಇಂದಿನ ರೂಪ ಪ್ರಕೃತಿಯೊಂದೇ ಮಾಡಿದ್ದಲ್ಲ. 1960ರ ದಶಕದಲ್ಲಿ ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿ ಬೆಳೆಯಿತು. 1970ರಲ್ಲಿ ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೊ ನಿಗಮ ಸ್ಥಾಪನೆಯಾಯಿತು. 1973ರಲ್ಲಿ ಮೊದಲ ವಾಶಿ ಸೇತುವೆ ಬಂತು. ಕಾರ್ಖಾನೆಗಳ ತ್ಯಾಜ್ಯದೊಂದಿಗೆ ಎರಡೂ ದಂಡೆಗಳ ಊರುಗಳ ಕೊಳಚೆ ಸೇರಿ ನೈಟ್ರೇಟ್, ಫಾಸ್ಫೇಟ್‌ಗಳು ಮಿತಿಮೀರಿದವು. ಹೂಳು ತುಂಬಿದಂತೆ ಕಾಂಡ್ಲಾ ಕಾಡು ಹಬ್ಬಿತು. ಖಾಡಿಯ ದಂಡೆಯಲ್ಲೇ ಇರುವ ಠಾಣೆಯ ಬಾಂದೋಡ್ಕರ್ ವಿಜ್ಞಾನ ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು ಈ ಬದಲಾವಣೆಯನ್ನು ದಶಕಗಳ ಕಾಲ ಅಳೆದು ದಾಖಲಿಸಿದ್ದಾರೆ. ಒಂದು ಊರಿನ ಕಾಲೇಜು ತನ್ನ ಬಾಗಿಲಿನ ನೀರಿಗೆ ಮಾಡಬಹುದಾದ ಅತ್ಯುತ್ತಮ ಸೇವೆ ಇದು.

1990ರ ದಶಕದಿಂದ ಇಲ್ಲಿಗೆ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ಇವುಗಳಲ್ಲಿ ಕಿರಿಯ ರಾಜಹಂಸ ಎಂಬ ಜಾತಿಯ ಮುಖ್ಯ ಆಹಾರವೇ ಸೂಕ್ಷ್ಮ ಪಾಚಿ. ಚಳಿಗಾಲದಲ್ಲಿ ಬಂದು ಮಳೆ ಹಿಡಿಯುವ ಹೊತ್ತಿಗೆ ತೆರಳುವ ಈ ಹಕ್ಕಿಗಳು ಕೆಸರು, ಬೆಳಕುಗಳ ಪಂಚಾಂಗವನ್ನೇ ಅನುಸರಿಸುವಂತಿವೆ. ಈ ಗುಲಾಬಿ ಹಿಂಡುಗಳನ್ನು ನೀರಿನ ಶುದ್ಧತೆಗೆ ಸಿಕ್ಕ ಪ್ರಮಾಣಪತ್ರವೆಂದು ಓದುವುದು ತಪ್ಪು. ಅವುಗಳ ಊಟದ ಒಂದು ಪಾಲು ನಮ್ಮ ಕೊಳಚೆಯಿಂದಲೇ ಬೆಳೆದದ್ದು. ಅದೇ ಪೋಷಕಾಂಶ ಇನ್ನೂ ಹೆಚ್ಚಿದರೆ ಪಾಚಿ ಕೊಳೆತು ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ, ಮೊದಲ ಪೆಟ್ಟು ಕೋಳಿ ಸಮುದಾಯದ ಮೀನುಗಾರರಿಗೆ ಬೀಳುತ್ತದೆ.

2015ರಲ್ಲಿ ಮಹಾರಾಷ್ಟ್ರ ಸರಕಾರ ಐರೋಲಿ, ವಾಶಿ ಸೇತುವೆಗಳ ನಡುವಿನ ಪಶ್ಚಿಮ ದಂಡೆಯ ಸುಮಾರು 1,690 ಹೆಕ್ಟೇರನ್ನು ರಾಜಹಂಸ ಅಭಯಾರಣ್ಯವೆಂದು ಘೋಷಿಸಿತು. ಮಾಲ್ವಣದ ನಂತರ ಇದು ರಾಜ್ಯದ ಎರಡನೆಯ ಸಾಗರ ಅಭಯಾರಣ್ಯ. 2022ರಲ್ಲಿ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳಾದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಗಡಿಕಲ್ಲುಗಳು ಕಾಂಡ್ಲಾವನ್ನೂ ಕೆಸರುಬಯಲನ್ನೂ ಕಾಯಬಲ್ಲವು. ನೀರಿನೊಳಗಿನ ಸಸ್ಯಗಳ ಪಾಡನ್ನು ನಿರ್ಧರಿಸುವುದು ಆ ಗಡಿಯಾಚೆ ಚರಂಡಿಗಳಿಗೆ ಬಿಡುವ ನೀರು.