ಕೃಷ್ಣವೇಣಿ

ಕೃಷ್ಣವೇಣಿ: ಹೆಣ್ಣುಮಕ್ಕಳ ಹೆಸರು, ಕೃಷ್ಣಾ ನದಿಯ ಪುರಾಣನಾಮ. ಸಂಸ್ಕೃತದಲ್ಲಿ ‘ಕೃಷ್ಣ’ ಎಂದರೆ ಕಪ್ಪು, ‘ವೇಣಿ’ ಎಂದರೆ ಜಡೆ. ಹಾಗಾಗಿ ‘ಕಪ್ಪು ಜಡೆಯವಳು’ ಎಂಬ ಅರ್ಥವೂ ಹೊರಡುತ್ತದೆ. ಆದರೆ ಹೆಸರಿನ ಮೂಲ ಎರಡು ನದಿಗಳ ಕೂಡಿಕೆಯಲ್ಲಿದೆ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯನ್ನು ವೇಣಿ, ಅಂದರೆ ವೆಣ್ಣಾ ನದಿ, ಸಾತಾರಾ ಬಳಿಯ ಮಾಹುಲಿಯಲ್ಲಿ ಸೇರುತ್ತದೆ. ಪದ್ಮಪುರಾಣದ ಕಥೆಯಂತೆ ಸಹ್ಯಾದ್ರಿಯಲ್ಲಿ ಬ್ರಹ್ಮ ಯಜ್ಞ ಮಾಡಿದಾಗ ದೇವತೆಗಳು ಶಾಪಕ್ಕೀಡಾಗಿ ನದಿಗಳಾದರು; ವಿಷ್ಣು ಕೃಷ್ಣೆಯಾದ, ಶಿವ ವೇಣಿಯಾದ. ಹರಿಹರರಿಬ್ಬರೂ ಒಂದೇ ಹೆಸರಿನಲ್ಲಿ ನೆಲೆಸಿದ್ದಾರೆ.

ರಾಷ್ಟ್ರಕೂಟರ ಕಾಲದ ಶಾಸನದಲ್ಲಿ ‘ಕೃಷ್ಣವೇರ್ಣಾ’ ಎಂಬ ರೂಪವಿದೆ. ಹಳಗನ್ನಡ ಶಾಸನಗಳು ಇದೇ ನದಿಯನ್ನು ‘ಪೆರ್ದೊರೆ’, ಅಂದರೆ ಹಿರಿಯ ಹೊಳೆ, ಎಂದು ಕರೆದಿವೆ.

ಭೀಮೆ ಕೃಷ್ಣೆಯನ್ನು ಕೂಡುವ ಸೀಮೆಯ ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಕೃಷ್ಣವೇಣಿ ಎರಡಕ್ಕೂ ಸಲ್ಲುವ ಹೆಸರು. ಕರೆಯುವಾಗ ಅದು ‘ಕೃಷ್ಣಮ್ಮ’, ‘ವೇಣಿ’, ‘ವೇಣಮ್ಮ’ ಎಂದು ಮೊಟಕಾಗುತ್ತದೆ. ನದಿಯನ್ನೂ ಜನ ‘ಕೃಷ್ಣಮ್ಮ’ ಎಂದೇ ಕರೆಯುತ್ತಾರೆ. ಗಂಗಮ್ಮ, ತುಂಗಮ್ಮ, ಕಾವೇರಿ ಇದೇ ಬಗೆಯ ನದಿಮೂಲದ ಹೆಸರುಗಳು. ಗುರುಗ್ರಹ ಕನ್ಯಾರಾಶಿಗೆ ಬಂದಾಗ, 12 ವರ್ಷಕ್ಕೊಮ್ಮೆ, ಕೃಷ್ಣಾ ನದಿಗೆ ಪುಷ್ಕರ ಎಂಬ ಪುಣ್ಯಸ್ನಾನದ ಉತ್ಸವ ನಡೆಯುತ್ತದೆ. 2016ರ ಆಗಸ್ಟ್‌ನಲ್ಲಿ ನಡೆದಿತ್ತು.