ಮೇ ಮೂವತ್ತೊಂದರ ಸಂಜೆ

2023ರ ಮೇ 31. ತಿಂಗಳ ಕೊನೆ ದಿನ ಅಂದರೆ ನಮ್ಮಂಥ ಬ್ಯಾಂಕಿನವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಆದರೂ ಅಂದು ಐದೂವರೆಗೇ ಟೇಬಲ್ ಬಿಟ್ಟೆದ್ದು ಹತ್ತಿರದ ಫೈರ್ ಸ್ಟೇಷನ್ನಿಗೆ ಹೋದೆ. ನಮ್ಮ ಶಾಖೆಯ ಹಳೇ ಗ್ರಾಹಕರೊಬ್ಬರು 38 ವರ್ಷ ಬೆಂಕಿ ಆರಿಸಿ ಅಂದು ನಿವೃತ್ತರಾಗುತ್ತಿದ್ದರು. "ಹೆಸರು ಮಾತ್ರ ಹಾಕ್ಬೇಡಿ ಸಾರ್" ಅಂದಿದ್ದಾರೆ, ಹಾಕುವುದಿಲ್ಲ.

ನಾನು 1994ರಲ್ಲಿ ಇಲ್ಲಿಗೆ ಬಂದೆ, ಆಗಿನ್ನೂ ಇದು ಮದ್ರಾಸು. ನನ್ನ ಹರಕು ತಮಿಳು ಕೇಳಿ ಕೌಂಟರಿನ ಆಚೆಯಿಂದ ಯಾರೋ "ಕನ್ನಡದಲ್ಲೇ ಹೇಳಿ" ಅಂದರು. ನೋಡಿದರೆ ಖಾಕಿ ತೊಟ್ಟ ಈ ಮನುಷ್ಯ. ಊರು ತಾಳವಾಡಿ ಕಡೆ. ಅದೇ, ಡಾ. ರಾಜ್ ಅವರ ಗಾಜನೂರು ಇರುವ ಸೀಮೆ. ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತು ಕನ್ನಡ.

ಅವರು ಕೆಲಸಕ್ಕೆ ಸೇರಿದ ವರ್ಷ, 1985ರ ಮೇ 30ರಂದು, ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ಸುಟ್ಟುಹೋಯಿತು. 1900ರಲ್ಲಿ ತಲೆಯೆತ್ತಿದ್ದ ಕೆಂಪು ಕಟ್ಟಡ, ಹಳೇ ಪುಸ್ತಕಗಳ ಸ್ವರ್ಗ. ಈಗ ಅಲ್ಲಿ ಲೋಕಲ್ ರೈಲಿನ ನಿಲ್ದಾಣವಿದೆ. ಅದರ ಕೋಡ್ ಎಂಎಂಸಿ, ಅಂದರೆ ಸುಟ್ಟುಹೋದ ಮಾರ್ಕೆಟ್ಟು ಹೆಸರಾಗಿ ಉಳಿದಿದೆ.

ಈ ಊರಿನ ಅಗ್ನಿಶಾಮಕ ದಳ ಹುಟ್ಟಿದ್ದು 1908ರಲ್ಲಿ. ಆರೇ ವರ್ಷಕ್ಕೆ, 1914ರ ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ ಎಂಡೆನ್ ಹಡಗು ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿ ಇಟ್ಟಿತು. ಮೊದಲ ಪರೀಕ್ಷೆಯೇ ಯುದ್ಧದ್ದು, ಪಾಪ! 1975ರ ಜುಲೈನಲ್ಲಿ ಮೌಂಟ್ ರೋಡಿನ ಎಲ್‌ಐಸಿ ಹೊತ್ತಿಕೊಂಡಿತು. 14 ಮಹಡಿ, 1959ರಲ್ಲಿ ಕಟ್ಟಿದಾಗ ದೇಶದಲ್ಲೇ ಎತ್ತರ. ದಳದ ಏಣಿಗಳು ಮೇಲಿನ ಮಹಡಿಗಳನ್ನು ಮುಟ್ಟಲಿಲ್ಲ. ಇವರಿಗೆ ತರಬೇತಿ ಕೊಟ್ಟ ಹಿರಿಯರು ಬೇರೆಲ್ಲಾ ಮರೆತರೂ ಆ ಏಣಿಯ ಕಥೆ ಮರೆಯುತ್ತಿರಲಿಲ್ಲವಂತೆ.

ಸ್ಟೇಷನ್ನಿನಲ್ಲಿ ಹಾರ, ಶಾಲು, ಮೈಸೂರ್ ಪಾಕು. ಅಂದ ಹಾಗೆ ತಮಿಳುನಾಡಿನಲ್ಲಿ ನಿವೃತ್ತಿ ವಯಸ್ಸು 58 ಇದ್ದದ್ದು 2020ರಲ್ಲಿ 59, ಮರುವರ್ಷ 60 ಆಯಿತು. ಎರಡು ವರ್ಷದ ಸಂಬಳ ಲಾಭ ಎಂದು ಲೆಕ್ಕದವನ ಬುದ್ಧಿಯಲ್ಲಿ ನಾನು ಹಿಂದೆ ಅಭಿನಂದಿಸಿದ್ದೆ. "ಅದ ಈ ಮಂಡಿಗೆ ಹೇಳಿ ಸಾರ್" ಅಂದಿದ್ದರು! ನೀರು ತುಂಬಿದ ಹೋಸ್ ಪೈಪನ್ನು ಹೊತ್ತು ಮೆಟ್ಟಿಲು ಹತ್ತುವವನಿಗೆ 59 ಅಂದರೆ ಏನೆಂದು ಏಸಿಯಲ್ಲಿ ಕೂತ ನನಗೆ ತಿಳಿದಿರಲಿಲ್ಲ.

ಭಾಷಣ ಮಾಡಿದವರು ಟಿ. ನಗರದ ಚೆನ್ನೈ ಸಿಲ್ಕ್ಸ್ ಬೆಂಕಿಯನ್ನು ನೆನೆದರು. ಅದೂ 2017ರ ಮೇ 31ರಂದೇ. ದಿನವಿಡೀ ಉರಿದು ಕಟ್ಟಡ ಕುಸಿಯಿತು, ಉಳಿದದ್ದನ್ನು ಕೆಡವಬೇಕಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚೇಪಾಕಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. 2012ರ ಜನವರಿ 16, ಪೊಂಗಲ್ ರಜೆ. ಆರ್ಕಾಟ್ ನವಾಬರ ಕಾಲದ ಕಲಸ್ ಮಹಲಿಗೆ ಬೆಂಕಿ ಬಿತ್ತು. ಒಳಗೆ ಹೋದವರಲ್ಲಿ ಅನ್ಬಳಗನ್ ಎಂಬ ಸಿಬ್ಬಂದಿ ತೀರಿಕೊಂಡರು. ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದ ಅಧಿಕಾರಿ ಪ್ರಿಯಾ ರವಿಚಂದ್ರನ್ ತೀವ್ರ ಸುಟ್ಟಗಾಯಗಳಿಂದ ಪಾರಾಗಿ ಮತ್ತೆ ಕೆಲಸಕ್ಕೆ ಬಂದರು. ನಮ್ಮವರು ಆ ಹಬ್ಬಕ್ಕೆ ರಜೆ ಹಾಕಿ ತಾಳವಾಡಿಗೆ ಹೋಗಿದ್ದರು. ವಾಪಸು ಬಂದವರು ಒಂದು ಮಧ್ಯಾಹ್ನ ನನ್ನೆದುರು ಕೂತು "ನಾ ಊರಲ್ಲಿ ಸಿಹಿಪೊಂಗಲ್ ತಿಂತಿದ್ದೆ ಸಾರ್" ಅಂದರು. ಏನು ಹೇಳಬೇಕೋ ತೋಚದೆ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಟ್ಟೆ. ಆಮೇಲೆ ಅವರು ಯಾವ ಪೊಂಗಲ್ಲಿಗೂ ರಜೆ ಹಾಕಲಿಲ್ಲ.

ಸಮಾರಂಭ ಮುಗಿದು ಇಲಾಖೆ ಜೀಪಿನಲ್ಲಿ ಮನೆಗೆ ಬಿಡುವಾಗ ನನ್ನನ್ನೂ ಹತ್ತಿಸಿಕೊಂಡರು. ಬೀಚ್ ರಸ್ತೆ ಸುತ್ತುದಾರಿ, ಆದರೂ ಆ ಕಡೆಯೇ ಹೋಗಲು ಡ್ರೈವರಿಗೆ ಹೇಳಿದರು. ಕಲಸ್ ಮಹಲ್ ದುರಸ್ತಿಯಾಗಿ ಹಸಿರು ನ್ಯಾಯಮಂಡಳಿಯ ಕಚೇರಿಯಾಗಿದೆ. ಹಾರ ತೊಡೆಯ ಮೇಲಿಟ್ಟುಕೊಂಡು ಅತ್ತ ನೋಡಿದರು.

"ಚೆಂದಾಗಿ ರಿಪೇರಿ ಮಾಡವ್ರೆ" ಅಂದರು. ಮನೆ ಬರುವವರೆಗೂ ಮತ್ತೆ ಮಾತಾಡಲಿಲ್ಲ.