ಗಿಳಿಮರಿಯ ತುತ್ತು: ಕಾದಂಬರಿಯಿಂದ ಕಾನೂನಿನವರೆಗೆ

ಗಿಳಿಯ ಚಿತ್ರ ಬರೆಯಲು ಹೇಳಿದರೆ ಶಾಲೆಯ ಮಕ್ಕಳು ಹಸಿರು ಮೈ, ಕೆಂಪು ಕೊಕ್ಕು ಬರೆದು, ಕೊಕ್ಕಿಗೊಂದು ಮೆಣಸಿನಕಾಯಿಯನ್ನೂ ಸಿಕ್ಕಿಸುತ್ತಾರೆ. ಗಿಳಿಗೂ ಮೆಣಸಿನಕಾಯಿಗೂ ಇರುವ ನಂಟು ಅಷ್ಟು ಗಟ್ಟಿ. ಆದರೆ ಅದು ನಾವು ತಿಳಿದಷ್ಟು ಹಳೆಯದಲ್ಲ. ಗಿಳಿ ಈ ನೆಲದ್ದೇ ಹಕ್ಕಿ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ 16ನೇ ಶತಮಾನದಲ್ಲಿ ಬಂದ ಅತಿಥಿ. ಆ ಹಡಗುಗಳಿಗೆ ನೆಲೆಯಾದ ಗೋವೆಯನ್ನು ಪೋರ್ಚುಗೀಸರು 1510ರಲ್ಲಿ ಕಿತ್ತುಕೊಂಡದ್ದು ವಿಜಯಪುರದ ಆದಿಲ್‌ಶಾಹಿ ಅರಸರಿಂದಲೇ.

ಪಂಜರದ ಗಿಳಿಗೆ ಇಂದು ಹಾಕುವ ಉಳಿದ ತಿನಿಸುಗಳನ್ನೂ ನೋಡಿ. ಪೇರಲ, ಶೇಂಗಾ, ಗೋವಿನಜೋಳ, ಸೂರ್ಯಕಾಂತಿ ಬೀಜ ಎಲ್ಲವೂ ಅಮೆರಿಕ ಮೂಲದವು. ಸೂರ್ಯಕಾಂತಿಯಂತೂ ಎಣ್ಣೆಬೀಜದ ಬೆಳೆಯಾಗಿ ನಮ್ಮ ಎರೆಹೊಲಗಳಲ್ಲಿ ಬೇರೂರಿದ್ದು 1970ರ ದಶಕದಿಂದ ಈಚೆಗೆ. ಹಾಗಾದರೆ ಅದಕ್ಕೂ ಮೊದಲು ನಮ್ಮ ಹಿರಿಯರು ಗಿಳಿಗೆ ಏನು ತಿನ್ನಿಸುತ್ತಿದ್ದರು? ಇನ್ನೂ ರೆಕ್ಕೆ ಬಲಿಯದ ಮರಿಗೆ ಏನು ಕೊಡುತ್ತಿದ್ದರು? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಗೂಡಿನಿಂದ ಬಿದ್ದ ಮರಿಯನ್ನು ಮನೆಗೆ ತಂದು, ‘ಗಿಳಿಗೆ ಹಾಲು-ಹಣ್ಣು’ ಎಂಬ ನಂಬಿಕೆಯಿಂದ ಹಾಲು ಕುಡಿಸಿ ಸಾಯಿಸುವವರು ಇಂದಿಗೂ ಇದ್ದಾರೆ. ಪ್ರೀತಿ ಇದ್ದೂ ತಿಳಿವಳಿಕೆ ಇಲ್ಲದಿದ್ದರೆ ಆಗುವ ಅನಾಹುತ ಇದು.

ಬೂರುಗದ ಮರದ ಮರಿ

ಗಿಳಿಮರಿಯೊಂದರ ಬಾಲ್ಯವನ್ನು ಅತ್ಯಂತ ವಿವರವಾಗಿ ಹೇಳುವ ಹಳೆಯ ಕೃತಿ ಬಾಣಭಟ್ಟನ ‘ಕಾದಂಬರಿ’. ಬಾಣ 7ನೇ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದವನು. ಆ ಸಂಸ್ಕೃತ ಗದ್ಯಕಾವ್ಯವನ್ನು ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪೂವಾಗಿ ಕನ್ನಡಕ್ಕೆ ತಂದ. ಕಥೆ ಹೇಳುವ ವೈಶಂಪಾಯನ ಒಂದು ಗಿಳಿ.

ವಿಂಧ್ಯದ ಕಾಡಿನಲ್ಲಿ, ಪಂಪಾ ಸರೋವರದ ದಂಡೆಯ ದೊಡ್ಡ ಬೂರುಗದ ಮರದ ಪೊಟರೆಯಲ್ಲಿ ಈ ಮರಿ ಹುಟ್ಟುತ್ತದೆ. ತಾಯಿ ಹೆರಿಗೆಯ ನೋವಿನಲ್ಲೇ ತೀರಿಕೊಳ್ಳುತ್ತದೆ. ಮುದಿ ತಂದೆಗೆ ಹಾರಲಾಗದು. ಬೇರೆ ಗೂಡುಗಳಿಂದ ಉದುರಿದ ಭತ್ತದ ಕಾಳು, ಉಳಿದ ಗಿಳಿಗಳು ಕಚ್ಚಿ ಬಿಟ್ಟ ಹಣ್ಣಿನ ಚೂರು ಆಯ್ದು ತಂದು ಮರಿಗೆ ಉಣಿಸಿ, ಮಿಕ್ಕಿದ್ದನ್ನು ತಾನು ತಿನ್ನುತ್ತದೆ. ಒಂದು ದಿನ ಮುದಿ ಬೇಡನೊಬ್ಬ ಮರವೇರಿ ಗಿಳಿಗಳನ್ನು ಕೊಂದು ಕೆಡವುತ್ತಾನೆ. ತಂದೆಯ ರೆಕ್ಕೆಯಡಿ ಅಡಗಿದ್ದ ಮರಿ ಒಣ ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ. ಬಾಯಾರಿ ಬಿದ್ದಿದ್ದ ಅದನ್ನು ಜಾಬಾಲಿ ಮುನಿಯ ಮಗ ಹಾರೀತ ಕಂಡು, ನೀರಿನ ಹನಿ ಗುಟುಕಿಸಿ, ಆಶ್ರಮಕ್ಕೆ ಒಯ್ಯುತ್ತಾನೆ. ಬೆಳೆದ ಮೇಲೆ ಅದೇ ಗಿಳಿ ಶೂದ್ರಕ ರಾಜನ ಅರಮನೆಯಲ್ಲಿ ತಾನು ಉಂಡದ್ದನ್ನು ಹೇಳಿಕೊಳ್ಳುವಾಗ ಬರುವ ಹೆಸರುಗಳು ನೇರಳೆ, ದಾಳಿಂಬೆ, ನೆಲ್ಲಿಯಂಥವು.

ಗಮನಿಸಬೇಕಾದ ಸಂಗತಿ ಎಂದರೆ ಬಾಣ ಕವಿಯಾದರೂ ಹಕ್ಕಿಯ ಬದುಕನ್ನು ಕಣ್ಣಾರೆ ಕಂಡಂತೆ ಬರೆದಿದ್ದಾನೆ. ಮರದ ಪೊಟರೆಯ ಗೂಡು, ಗುಂಪಾಗಿ ಮೇವಿಗೆ ಹೋಗುವ ರೂಢಿ, ಹೊಲದ ತೆನೆ ಮತ್ತು ಕಾಡಿನ ಹಣ್ಣು ಇವೆಲ್ಲ ಇಂದಿನ ಪಕ್ಷಿಶಾಸ್ತ್ರವೂ ಒಪ್ಪುವ ವಿವರಗಳು. ಮರಿಯನ್ನು ಗೂಡಿನಿಂದ ಬೇರೆ ಮಾಡುವವನು ಮನುಷ್ಯ ಎಂಬುದೂ ನಿಜವೇ.

ಅರಮನೆಗೆ ಬಂದ ಹಕ್ಕಿ

ಗಿಳಿ, ಗೊರವಂಕಗಳಿಗೆ ಮಾತು ಕಲಿಸುವುದನ್ನು ವಾತ್ಸ್ಯಾಯನ 64 ಕಲೆಗಳಲ್ಲಿ ಒಂದೆಂದು ಎಣಿಸಿದ್ದಾನೆ. ಕ್ರಿ.ಶ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರ ಪೈಕಿ ಒಬ್ಬಳು ಶುಕಭಾಷಿಣಿ, ಅಂದರೆ ಗಿಳಿಯೊಂದಿಗೆ ಮಾತಾಡುವವಳು. ಅಕ್ಕಮಹಾದೇವಿ ತನ್ನ ದೈವವನ್ನು ಕಂಡಿರಾ ಎಂದು ಕೇಳಿದ ಜೀವಿಗಳಲ್ಲಿ ಗಿಳಿಯೂ ಉಂಟು. ಇನ್ನೊಂದು ಕಡೆ, ಅರ್ಥ ತಿಳಿಯದೆ ಒಪ್ಪಿಸುವ ಓದಿಗೆ ‘ಗಿಣಿಪಾಠ’ ಎಂದು ಹೆಸರಿಟ್ಟದ್ದೂ ನಮ್ಮ ಜನವೇ.

ಆದಿಲ್‌ಶಾಹಿ ವಿಜಯಪುರಕ್ಕೂ ಮಾತಾಡುವ ಹಕ್ಕಿಗಳ ಗೀಳು ಹೊಸದಾಗಿರಲಿಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ (1580-1627) ಇಲ್ಲಿ ಬರೆದ ಪ್ರಸಿದ್ಧ ಚಿತ್ರವೊಂದರಲ್ಲಿ ಯೋಗಿನಿಯೊಬ್ಬಳು ಗೊರವಂಕವನ್ನು ಕೈಯಲ್ಲಿ ಹಿಡಿದು ಮಾತಿಗಿಳಿದಂತಿದೆ. ಆ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಸಂಸ್ಕೃತದ ‘ಶುಕಸಪ್ತತಿ’ಯ ಗಿಳಿ ಹೇಳಿದ ಕಥೆಗಳು ಪಾರಸಿಯಲ್ಲಿ ‘ತೂತಿನಾಮಾ’ ಆದವು. ಅದು 17ನೇ ಶತಮಾನದಲ್ಲಿ ಗೋಲ್ಕೊಂಡದ ಕವಿ ಗವ್ವಾಸಿಯಿಂದ ದಖ್ಖನಿ ಭಾಷೆಗೂ ಬಂತು. ಭಾಷೆ, ಮತ, ರಾಜ್ಯ ಬದಲಾದರೂ ಕಥೆ ಹೇಳುವ ಗಿಳಿ ಬದಲಾಗಲಿಲ್ಲ.

ಹೊಲದಲ್ಲಿ ವೈರಿ, ಮನೆಯಲ್ಲಿ ಅರಗಿಣಿ

ನಾವು ದಿನವೂ ಕಾಣುವ ಗಿಳಿಗೆ ಬಾಲವೂ ಸೇರಿ ಸುಮಾರು 40 ಸೆಂ.ಮೀ. ಉದ್ದ. ಗಂಡಿನ ಕೊರಳಿಗೆ ಕಪ್ಪು-ಗುಲಾಬಿ ಬಳೆ. ಅದು ಮೂಡುವುದು ಸುಮಾರು ಮೂರನೇ ವರ್ಷಕ್ಕೆ. ಆದ್ದರಿಂದ ಮರಿಯನ್ನು ನೋಡಿ ಗಂಡೋ ಹೆಣ್ಣೋ ಹೇಳುವುದು ಕಷ್ಟ. ಮರದ ಪೊಟರೆ ಸಿಗದಿದ್ದರೆ ಹಳೆಯ ಗೋಡೆಯ ತೂತುಗಳಲ್ಲೂ ಮೊಟ್ಟೆ ಇಡುವುದು ಇದರ ಅಭ್ಯಾಸ. ಕೋಟೆ, ಗುಮ್ಮಟ, ಕಮಾನುಗಳ ಊರಿಗೆ ಇದಕ್ಕಿಂತ ಒಗ್ಗುವ ಹಕ್ಕಿ ಬೇರೆ ಯಾವುದು?

ವಿಜಯಪುರ ತಾಲ್ಲೂಕಿನಿಂದ ಬೇರೆಯಾಗಿ ತಾವೇ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳ ರೈತರಿಗೆ ಗಿಳಿಯ ಇನ್ನೊಂದು ಮುಖವೂ ಗೊತ್ತು. ತಿಕೋಟಾ ಭಾಗ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದದ್ದು. ಡೋಣಿ ನದಿಯ ಬಯಲು ಬಿಳಿಜೋಳದ ಕಣಜ. ಹಿಂಗಾರಿ ಜೋಳ ಹಾಲುಗಾಳಾಗಿ ಮನೆಮಂದಿ ಸೀತನಿ ತಿನ್ನುವ ಹೊತ್ತಿಗೆ ಗಿಳಿಗಳ ಹಿಂಡೂ ತೆನೆಗೆ ಎರಗುತ್ತದೆ. ಅದು ತಿನ್ನುವುದಕ್ಕಿಂತ ಕಡಿದು ಕೆಡವುವುದೇ ಹೆಚ್ಚು. ಅದಕ್ಕೇ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಕಾಯುವ ಪದ್ಧತಿ ಬೆಳೆಯಿತು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗಿನ ಇದೇ ಕಾಲ ಗಿಳಿಗಳು ಮರಿ ಮಾಡುವ ಕಾಲವೂ ಹೌದು. ಹೊಲದಲ್ಲಿ ಕವಣೆಕಲ್ಲು ತಿಂದ ಹಕ್ಕಿಯ ಮರಿಯೇ ಪೇಟೆಯ ಪಂಜರದಲ್ಲಿ ಅರಗಿಣಿ ಎನ್ನಿಸಿಕೊಳ್ಳುವ ವಿಚಿತ್ರ ಬಹಳ ಕಾಲ ನಡೆದುಬಂದಿದೆ.

ಮರಿಯ ಹೊಟ್ಟೆ

ಮೊಟ್ಟೆಯೊಡೆದು ಬಂದ ಗಿಳಿಮರಿಗೆ ಪುಕ್ಕವಿಲ್ಲ, ಕಣ್ಣು ತೆರೆದಿರುವುದಿಲ್ಲ. ಅದು ಗೂಡು ಬಿಡಲು ಆರೇಳು ವಾರ ಬೇಕು. ಅಲ್ಲಿಯವರೆಗೆ ತಂದೆ-ತಾಯಿ ತಾವು ತಿಂದದ್ದನ್ನು ಮೆತ್ತಗೆ, ಬೆಚ್ಚಗೆ ಮಾಡಿ ಕಕ್ಕಿ ಮರಿಯ ಬಾಯಿಗೆ ಇಡುತ್ತವೆ. ಬೀಜ ಒಡೆಯುವ ಶಕ್ತಿ ಅದಕ್ಕೆ ಆಮೇಲೆ ಬರುವಂಥದು. ಆದ್ದರಿಂದ ಎಳೆಯ ಮರಿಯ ಮುಂದೆ ಶೇಂಗಾ, ಸೂರ್ಯಕಾಂತಿ ಇಟ್ಟರೆ ಅದು ಉಪವಾಸವೇ.

ಹಾಲು ಇನ್ನೂ ದೊಡ್ಡ ತಪ್ಪು. ಹಾಲುಣಿಸುವುದು ಸಸ್ತನಿಗಳ ಸ್ವಭಾವ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಸಾಮರ್ಥ್ಯ ಹಕ್ಕಿಗಳಿಗಿಲ್ಲ. ಹಾಲು ಭೇದಿ ತರುತ್ತದೆ, ಮರಿ ಒಣಗಿಹೋಗುತ್ತದೆ. ಬಾಯಿಗೆ ನೀರು ಹೊಯ್ಯುವುದೂ ಅಪಾಯ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ನೀರು ಸುಲಭವಾಗಿ ಅಲ್ಲಿಗೆ ಇಳಿಯುತ್ತದೆ. ಹಾರೀತನ ಕೈಯಲ್ಲಿ ಬದುಕಿದ ಮರಿ ಕಾವ್ಯದ ಮರಿ ಎಂಬುದನ್ನು ಮರೆಯಬಾರದು. ಬರೀ ಅನ್ನ ತಿಂದ ಮರಿಗೆ ಸುಣ್ಣದಂಶ ಮತ್ತು ಬಿಸಿಲು ಸಾಲದೆ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಬರೀ ಸೂರ್ಯಕಾಂತಿ ಬೀಜ ತಿಂದ ಹಕ್ಕಿಗೆ ಕೊಬ್ಬು ಹೆಚ್ಚಿ ಯಕೃತ್ತು ಕೆಡುತ್ತದೆ, ‘ಎ’ ಜೀವಸತ್ವ ಕಡಿಮೆ ಬೀಳುತ್ತದೆ. ಈ ಲೆಕ್ಕದಲ್ಲಿ ಬೆಳೆದ ಗಿಳಿಗೆ ಮೆಣಸಿನಕಾಯಿ ಕೆಟ್ಟದ್ದೇನಲ್ಲ. ಅದರಲ್ಲಿ ಆ ಜೀವಸತ್ವದ ಮೂಲವಸ್ತು ಇದೆ, ಖಾರ ಹಕ್ಕಿಗಳಿಗೆ ತಾಕುವುದೂ ಇಲ್ಲ. ನಮ್ಮ ನಾಲಗೆಯಲ್ಲಿ ಖಾರವನ್ನು ಉರಿಯಾಗಿ ತಿಳಿಸುವ ನರತುದಿಗಳು ಹಕ್ಕಿಗಳಲ್ಲಿ ಆ ರೀತಿ ಕೆಲಸ ಮಾಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಒಂದು ಕಾಲಕ್ಕೆ ಭಾರತದಿಂದ ಗಿಳಿಗಳು ದೊಡ್ಡ ಸಂಖ್ಯೆಯಲ್ಲಿ ವಿದೇಶಕ್ಕೆ ರಫ್ತಾಗುತ್ತಿದ್ದವು. ಹೀಗೆ ಹೋಗಿ ಪಂಜರ ತಪ್ಪಿಸಿಕೊಂಡ ಈ ಜಾತಿಯ ಸಂತತಿ ಇಂದು ಲಂಡನ್ನಿನ ಉದ್ಯಾನಗಳಲ್ಲೂ ಕಿರುಚುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವ್ಯವಹಾರಕ್ಕೆ ಮೊದಲ ತಡೆ ಹಾಕಿತು. 1991ರ ಹೊತ್ತಿಗೆ ದೇಶದ ಕಾಡುಹಕ್ಕಿಗಳ ಮಾರಾಟವೇ ನಿಷಿದ್ಧವಾಯಿತು. ಈ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರಲ್ಲೂ ನಮ್ಮ ಗಿಳಿಗೆ ರಕ್ಷಣೆ ಮುಂದುವರಿದಿದೆ. ಅಂದರೆ ಗೂಡಿನಿಂದ ಮರಿ ತೆಗೆಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಅಜ್ಜನ ಕಾಲದಿಂದ ಸಾಕುತ್ತ ಬಂದಿದ್ದೇವೆ ಎಂಬುದು ಸಮರ್ಥನೆಯಾಗದು.

ಹಾಗಾದರೆ ಬಿದ್ದ ಮರಿಯನ್ನು ಕಂಡು ಸುಮ್ಮನೆ ಹೋಗಬೇಕೇ? ಬೇಡ. ಪುಕ್ಕ ಬಾರದ ಮರಿಯಾದರೆ, ಗೂಡು ಕೈಗೆಟಕುವಂತಿದ್ದರೆ, ಮರಳಿ ಅಲ್ಲಿಯೇ ಇಡಬೇಕು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಪುಕ್ಕ ಬಂದು ಹಾರಲು ಕಲಿಯುತ್ತಿರುವ ಮರಿಯನ್ನು ಬೆಕ್ಕು-ನಾಯಿಗೆ ಸಿಗದ ಕೊಂಬೆಯ ಮೇಲಿಟ್ಟು ದೂರ ನಿಂತರೆ ತಂದೆ-ತಾಯಿ ಬಂದು ಉಣಿಸುತ್ತವೆ. ಗಾಯಗೊಂಡಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹತ್ತಿಬಟ್ಟೆ ಹಾಸಿ, ಬೆಚ್ಚಗೆ ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಗೋ ಪಶು ವೈದ್ಯರಿಗೋ ಒಪ್ಪಿಸಬೇಕು. ಇಂಥ ಜೀವಿ ಕೈಗೆ ಬಂದ 48 ಗಂಟೆಗಳೊಳಗೆ ಪೊಲೀಸರಿಗೋ ಅರಣ್ಯಾಧಿಕಾರಿಗೋ ತಿಳಿಸಬೇಕೆಂಬುದು ಕಾಯ್ದೆಯ ನಿಯಮ. ಒಪ್ಪಿಸುವುದು ತಡವಾಗುವಂತಿದ್ದರೆ ವೈದ್ಯರನ್ನು ಕೇಳಿಕೊಂಡು, ನೆನೆಸಿ ಬೇಯಿಸಿ ನುಣ್ಣಗೆ ಅರೆದ ಹೆಸರುಕಾಳು ಇಲ್ಲವೇ ಬೇಯಿಸಿದ ತತ್ತಿಯನ್ನು ಬೆಚ್ಚಗಿರುವಾಗ ಸ್ವಲ್ಪಸ್ವಲ್ಪವೇ ಕೊಡಬಹುದು. ಕೊರಳ ಬುಡದ ಚೀಲ ತುಂಬಿದ ಕೂಡಲೇ ನಿಲ್ಲಿಸಬೇಕು. ಅದು ಇಳಿದ ಮೇಲೆಯೇ ಮುಂದಿನ ತುತ್ತು. ಹಕ್ಕಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು. 1929-30ರಲ್ಲಿ ಹಲವು ದೇಶಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಗಿಳಿಜ್ವರ ಹಬ್ಬಿದ್ದು ಸಾಕಲು ತಂದ ಗಿಳಿಗಳಿಂದಲೇ.

ಹಕ್ಕಿ ಸಾಕಲೇಬೇಕೆಂಬ ಮಕ್ಕಳ ಆಸೆಗೆ ಬೇರೆ ದಾರಿ ಉಂಟು. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಚಿಕ್ಕ ಬಜರಿಗರ್ ಹಕ್ಕಿಗಳು ಆಸ್ಟ್ರೇಲಿಯಾ ಮೂಲದವು. ಪಂಜರದಲ್ಲೇ ಹುಟ್ಟಿ ಬೆಳೆದ ಅವನ್ನು ಸಾಕಲು ಅಡ್ಡಿಯಿಲ್ಲ. ಅವುಗಳ ಮುಖ್ಯ ಆಹಾರ ನಮ್ಮ ನೆಲದ ನವಣೆಯಂಥ ಕಿರುಧಾನ್ಯ. ಜೊತೆಗೆ ತೊಳೆದ ಮೆಂತೆ, ರಾಜಗಿರಿ ಸೊಪ್ಪು, ಹೆಚ್ಚಿದ ಗಜ್ಜರಿ, ಸುಣ್ಣದಂಶಕ್ಕೆ ಕಡಲನೊರೆ, ದಿನವೂ ಹೊಸ ನೀರು, ರೆಕ್ಕೆ ಬಿಚ್ಚುವಷ್ಟು ದೊಡ್ಡ ಪಂಜರ ಇಷ್ಟಾದರೂ ಬೇಕು. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಆ ಪಂಜರವನ್ನು ತಗಡಿನ ಮಾಡಿನ ಕೆಳಗೆ ತೂಗುಹಾಕಬಾರದು.

ಇನ್ನು ಹಸಿರು ಗಿಳಿಯ ಮಾತು. ಅದಕ್ಕೆ ಒಂದು ಬಟ್ಟಲು ನೀರನ್ನು ಮಾಳಿಗೆಯ ಮೇಲೆ ನೆರಳಲ್ಲಿಟ್ಟರೆ ಸಾಕು. ಪೊಟರೆಯಿರುವ ಹಳೆಯ ಬೇವು, ಆಲದ ಮರಗಳನ್ನು ಕಡಿಯದೆ ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಮರಿಗೆ ಏನು ತಿನ್ನಿಸಬೇಕೆಂಬುದು ಅದರ ತಂದೆ-ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು.